ಗೊತ್ತಿರುವವರ ಜೊತೆ ದೂರ ಹೋಗುವುದು

ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ಕೋಶ ಓದಿದವರಿಗೆ ಪರೀಕ್ಷೆಯಿದೆ, ಅಂಕಪಟ್ಟಿಯಿದೆ. ದೇಶ ಸುತ್ತಿದವರಿಗೆ ಅಂಥದ್ದೇನೂ ಇಲ್ಲ. ಸುತ್ತಿ ಬಂದವರು ‘ನಾನು ಬದಲಾಗಿದ್ದೇನೆ’ ಎಂದರೆ ಕೇಳಿದವರು ನಂಬಬೇಕು, ಅಷ್ಟೆ. ಗಂಡ ಹೆಂಡತಿ ಜೊತೆಯಾಗಿ ಸುತ್ತಿದ್ದರೆ ತೊಡಕು ಇನ್ನೂ ಹೆಚ್ಚು. ಒಬ್ಬರು ಬೆಳೆದದ್ದನ್ನು ಮೊದಲು ಕಾಣಬೇಕಾದವರು ಇನ್ನೊಬ್ಬರು. ಅವರಿಗೋ, ಈ ಮನುಷ್ಯ ಮೊದಲೇ ಚೆನ್ನಾಗಿ ಗೊತ್ತು.

ಈ ‘ಗೊತ್ತು’ ಎಂಬ ಮಾತು ಎಲ್ಲಿಯವರೆಗೆ ಹೋಗಬಹುದು ಎಂದು ಯೋಚಿಸುವಾಗ ನನಗೆ ಮಹಾಭಾರತದ ಮಹಾಪ್ರಸ್ಥಾನ ನೆನಪಾಗುತ್ತದೆ. ರಾಜ್ಯವನ್ನು ಬಿಟ್ಟು ಐವರು ಪಾಂಡವರು, ದ್ರೌಪದಿ ಮತ್ತು ಒಂದು ನಾಯಿ ಹೊರಡುತ್ತಾರೆ. ಹಿಮವಂತವನ್ನು ದಾಟಿದ ಮೇಲೆ ಮೊದಲು ಬೀಳುವವಳು ದ್ರೌಪದಿ. ಯಾವ ಅಧರ್ಮವನ್ನೂ ಮಾಡದ ಇವಳು ಏಕೆ ಬಿದ್ದಳು ಎಂದು ಭೀಮ ಕೇಳುತ್ತಾನೆ. ಅರ್ಜುನನ ಮೇಲೆ ಇವಳಿಗೆ ಪಕ್ಷಪಾತವಿತ್ತು ಎಂದು ಹೇಳಿ ಯುಧಿಷ್ಠಿರ ತಿರುಗಿ ನೋಡದೆ ಮುಂದೆ ನಡೆಯುತ್ತಾನೆ. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಧರ್ಮರಾಯನ ಬಾಯಲ್ಲಿ ಬಂದದ್ದು, ನಿಜವೇ ಇರಬಹುದು. ನನ್ನನ್ನು ಕಾಡುವುದು ಅದರ ವಯಸ್ಸು. ಅದು ಸ್ವಯಂವರದ ಕಾಲದ ದ್ರೌಪದಿಯ ಬಗ್ಗೆ ಹೇಳಬಹುದಾದ ಮಾತು. ಅವಳು ಅದಾದ ಮೇಲೆ ಹನ್ನೆರಡು ವರ್ಷ ಕಾಡಿನಲ್ಲಿ ಅಲೆದಳು, ಒಂದು ವರ್ಷ ವಿರಾಟನ ಮನೆಯಲ್ಲಿ ಸೈರಂಧ್ರಿಯಾದಳು, ಯುದ್ಧದ ಕೊನೆಯ ರಾತ್ರಿ ಐವರು ಮಕ್ಕಳನ್ನೂ ಕಳೆದುಕೊಂಡಳು. ಇಷ್ಟು ದೂರ ಜೊತೆಗೆ ನಡೆದವಳ ಬಗ್ಗೆ ಕೊನೆಗೆ ಹೇಳಲು ಗಂಡನಿಗೆ ಸಿಕ್ಕಿದ್ದು ಆ ಹಳೆಯ ಲೆಕ್ಕ ಒಂದೇ.

ನಮ್ಮ ಪ್ರಯಾಣ ಅಷ್ಟು ದೊಡ್ಡದಲ್ಲ. ಇಬ್ಬರೂ ನಿವೃತ್ತರಾದ ಮೇಲೆ ಹನ್ನೊಂದು ತಿಂಗಳು ರೈಲು, ಬಸ್ಸುಗಳಲ್ಲಿ ತಿರುಗಿದೆವು. ಕನ್ಯಾಕುಮಾರಿಯಿಂದ ಶುರುವಾಗಿ ಕಾಶಿ, ಬ್ರಹ್ಮಪುತ್ರೆಯ ನಡುವಿನ ಮಾಜುಲಿ, ಲೇಹ್, ಕಛ್ ಎಲ್ಲ ನೋಡಿ ಕೊನೆಗೆ ಬಂದು ನಿಂತದ್ದು ಕುಮಟಾ ತಾಲ್ಲೂಕಿನ ಕಾಗಾಲಕ್ಕೆ, ನನ್ನ ಗಂಡನ ಹಿರಿಯರ ಮನೆಗೆ. ಮಳೆಗಾಲ ಮುಗಿಯುವವರೆಗೆ ಅಲ್ಲಿಯೇ ಉಳಿದೆವು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ, ‘ಇಷ್ಟೆಲ್ಲ ತಿರುಗಿದಿರಲ್ಲ, ಏನು ಸಿಕ್ಕಿತು?’ ಇವರು ಊರುಗಳ ಹೆಸರು ಹೇಳುತ್ತಿದ್ದರು. ನಾನು ಚಹಾ ತರಲು ಒಳಗೆ ಹೋಗುತ್ತಿದ್ದೆ.

ಒಂದು ಸಂಜೆ ಮಳೆ ಹಿಡಿದುಕೊಂಡು ಯಾರೂ ಬರಲಿಲ್ಲ. ಆ ಪ್ರಶ್ನೆಯನ್ನು ನಾವೇ ಎತ್ತಿಕೊಂಡೆವು. ಒಂದು ಕರಾರು ಮಾತ್ರ ನಾನು ಹಾಕಿದೆ: ತನ್ನ ಬಗ್ಗೆ ಯಾರೂ ಹೇಳಿಕೊಳ್ಳಬಾರದು, ಇನ್ನೊಬ್ಬರ ಬಗ್ಗೆಯೇ ಹೇಳಬೇಕು. ಇವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನೀನು ಈಗ ಭಾಷೆ ಬಾರದ ಊರಿನಲ್ಲೂ ಯಾರನ್ನು ಬೇಕಾದರೂ ನಿಲ್ಲಿಸಿ ದಾರಿ ಕೇಳುತ್ತೀ. ಮೊದಲು ನನ್ನ ಮುಖ ನೋಡುತ್ತಿದ್ದೆ’ ಎಂದರು. ನನಗೆ ಅದು ತಿಳಿದೇ ಇರಲಿಲ್ಲ. ನನ್ನ ಸರದಿ ಬಂದಾಗ, ‘ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ನಿಮಗೆ ಬಂದಿದೆ’ ಎಂದೆ. ಅವರೂ ಅದನ್ನು ಮೊದಲ ಸಲ ಕೇಳಿದವರಂತೆ ನೋಡಿದರು.

ಬೆನ್ನನ್ನು ತಾನೇ ನೋಡಿಕೊಳ್ಳಲಾಗದ ಹಾಗೆ ಬೆಳವಣಿಗೆಯೂ ಬೆಳೆದವರಿಗೆ ಕಾಣುವುದು ಕಡಿಮೆ. ಅದಕ್ಕೊಬ್ಬ ಸಾಕ್ಷಿ ಬೇಕು. ಆದರೆ ಸಂಸಾರದಲ್ಲಿ ಸಾಕ್ಷಿಯ ಜಾಗದಲ್ಲಿ ಕೂತವರೇ ತಡೆಯೂ ಆಗಬಲ್ಲರು. ‘ನೀವು ಯಾವಾಗಲೂ ಹೀಗೇ’, ‘ಇವಳ ಸ್ವಭಾವವೇ ಅದು’ ಎಂಬ ಮಾತುಗಳನ್ನು ಕೇಳದ ಮನೆ ಇದೆಯೇ? ಪ್ರೀತಿಯಿಂದ ಹೇಳಿದಾಗಲೂ ಅವು ಮೊಳೆ ಹೊಡೆಯುತ್ತವೆ. ರಸ್ತೆಯಲ್ಲಿ ಬದಲಾಗುವುದು ಸುಲಭ, ಅಲ್ಲಿ ನಮ್ಮ ಹಳೆಯ ಕುರ್ಚಿ ಇರುವುದಿಲ್ಲ. ಮನೆಗೆ ಬಂದ ಮೊದಲ ದಿನವೇ ಕುರ್ಚಿ ಕರೆಯುತ್ತದೆ, ಅಡುಗೆಮನೆ ಕರೆಯುತ್ತದೆ, ಹಳೆಯ ಹೆಸರುಗಳೂ ಕರೆಯುತ್ತವೆ.

ಇದಕ್ಕೊಂದು ಆಕ್ಷೇಪವಿದೆ, ಅದು ಸಣ್ಣದೂ ಅಲ್ಲ. ಜೊತೆಗಿರುವವರು ದಿನಕ್ಕೊಂದು ಮನುಷ್ಯರಾದರೆ ನಂಬಿಕೆ ಯಾವುದರ ಮೇಲೆ ನಿಲ್ಲಬೇಕು? ಒಬ್ಬರನ್ನೊಬ್ಬರು ಅರಿತಿರುವುದೇ ದಾಂಪತ್ಯ ಅಲ್ಲವೇ? ಇದಕ್ಕೆ ನನಗೆ ಉತ್ತರ ಹೊಳೆದದ್ದು ಕಾಗಾಲದ ಸುತ್ತಿನ ಗಜನಿ ಗದ್ದೆಗಳನ್ನು ನೋಡುವಾಗ. ಅಣೆಕಟ್ಟಿಲ್ಲದೆ ಹರಿದು ಬರುವ ಅಘನಾಶಿನಿ ಸಮುದ್ರ ಸೇರುವ ಅಳಿವೆಯಿದು. 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಇಲ್ಲಿ ಕಗ್ಗ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಭತ್ತ ಅದು. ಕೊಯ್ಲು ಮುಗಿದ ಮೇಲೆ ಕಟ್ಟೆಯ ಬಾಗಿಲು ತೆರೆದು ಭರತದ ಉಪ್ಪುನೀರನ್ನು ಒಳಗೆ ಬಿಡುತ್ತಾರೆ. ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಇದು ಸಿಹಿನೀರಿನ ಭೂಮಿಯೋ ಉಪ್ಪಿನ ಭೂಮಿಯೋ ಎಂದು ಅಲ್ಲಿನ ರೈತ ತೀರ್ಮಾನ ಮಾಡಿ ಕೂರುವುದಿಲ್ಲ. ಈಗ ಎಂಥ ನೀರಿದೆ ಎಂದು ನೋಡುತ್ತಾನೆ. ಆದರೆ ಕಟ್ಟೆಯನ್ನು ಮಾತ್ರ ಎಲ್ಲರೂ ಸೇರಿ ಕಾಯಬೇಕು. ಕಟ್ಟೆ ಒಡೆದರೆ ಭತ್ತವೂ ಇಲ್ಲ, ಸಿಗಡಿಯೂ ಇಲ್ಲ.

ನಂಬಿಕೆಯಲ್ಲಿಯೂ ಎರಡು ಬಗೆ ಇದೆ ಎಂದು ನನಗೆ ಅನ್ನಿಸುತ್ತದೆ. ಗಡಿಯಾರವನ್ನು ನಂಬುವುದು ಅದು ಬದಲಾಗುವುದಿಲ್ಲ ಎಂದು. ಮನುಷ್ಯರನ್ನು ನಂಬುವುದು ಅವರು ಕೊಟ್ಟ ಮಾತಿಗೆ ನಿಲ್ಲುತ್ತಾರೆ ಎಂದು. ಮಾತು ಕಟ್ಟೆಯ ಹಾಗೆ, ಸ್ವಭಾವ ನೀರಿನ ಹಾಗೆ. ಕಟ್ಟೆಯನ್ನು ಕಾಯುತ್ತೇವೆಂದು ನೀರನ್ನೂ ಹಿಡಿದು ನಿಲ್ಲಿಸಲು ಹೊರಟರೆ ಗದ್ದೆ ಕೊಳೆಯುತ್ತದೆ.

ಕಾಗಾಲದಿಂದ ದಕ್ಷಿಣಕ್ಕೆ ಹೋದರೆ ಹೊನ್ನಾವರ. 1934ರಲ್ಲಿ ಅಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು ಕೀಟವಿಜ್ಞಾನ ಓದಿದವರು, ಅಮೆರಿಕಕ್ಕೆ ಹೋಗಿ ಬಂದು ‘ನಾನೂ ಅಮೆರಿಕೆಗೆ ಹೋಗಿದ್ದೆ’ ಬರೆದವರು. ಆಮೇಲೆ ‘ವಂಗದರ್ಶನ’, ‘ಬಸ್ತರ ಪ್ರವಾಸ’ ಎಂದು ದೇಶವನ್ನೇ ಸುತ್ತಿದರು. ಕಾವಿಕಲೆಯಂಥ, ಗೋಡೆಯೊಂದಿಗೆ ಅಳಿಯುತ್ತಿದ್ದ ಕಲೆಯನ್ನು ದಾಖಲಿಸಿದರು. ಹೆಂಡತಿ ಜ್ಯೋತ್ಸ್ನಾ ಕಾಮತರು ಆಕಾಶವಾಣಿಯಲ್ಲಿ ದುಡಿದವರು, ಮಧ್ಯಯುಗದ ಕರ್ನಾಟಕದ ಜನಜೀವನದ ಬಗ್ಗೆ ಸಂಶೋಧನೆ ಮಾಡಿದ ಇತಿಹಾಸಕಾರ್ತಿ. ಅವರ ಬರಹಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ಹಿಡಿಸುವುದು, ಇಬ್ಬರ ಕಣ್ಣೂ ಒಂದಾಗಲಿಲ್ಲ ಎಂಬುದು. ಅವರದು ಕ್ಯಾಮೆರಾ ಹಿಡಿದ ವಿಜ್ಞಾನಿಯ ಕಣ್ಣು, ಇವರದು ಶಾಸನ ಓದುವ ಕಣ್ಣು. 2002ರಲ್ಲಿ ಅವರು ತೀರಿಕೊಂಡ ಮೇಲೂ ಜ್ಯೋತ್ಸ್ನಾ ಎರಡು ದಶಕ ಬಾಳಿದರು. ಒಬ್ಬರ ನೆರಳಲ್ಲಿ ಇನ್ನೊಬ್ಬರು ಎಂದು ಆ ಜೋಡಿಯ ಬಗ್ಗೆ ಹೇಳಲು ನನಗೆ ಆಗದು. ಜೊತೆಗಿದ್ದೂ ಬೇರೆ ಬೇರೆಯಾಗಿ ಬೆಳೆಯಲು ಜಾಗವಿದೆ ಎನ್ನುವುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಬೇಡ.

ಹಾಗಾಗಿ ‘ಪ್ರಯಾಣದಿಂದ ಬೆಳೆದಿರಾ?’ ಎಂಬ ಪ್ರಶ್ನೆಯನ್ನು ನಾನು ಈಗ ಬೇರೆಯಾಗಿ ಕೇಳಿಕೊಳ್ಳುತ್ತೇನೆ: ಜೊತೆಗೆ ಬಂದವರ ಬಗ್ಗೆ ಇದ್ದ ಎಷ್ಟು ತೀರ್ಪುಗಳನ್ನು ದಾರಿಯಲ್ಲಿ ಬಿಟ್ಟು ಬಂದೆ? ಇದನ್ನು ಕೇಳಿಕೊಳ್ಳಲು ಟಿಕೆಟ್ ಬೇಡ. ಓದುವವರಲ್ಲಿ ವಿದ್ಯಾರ್ಥಿಗಳಿದ್ದರೆ ಅವರಿಗೂ ಇದು ಅನ್ವಯಿಸುತ್ತದೆ. ನೀವು ರಜೆಗೆ ಊರಿಗೆ ಹೋದಾಗ ಅಪ್ಪ ಅಮ್ಮ ನಿಮ್ಮನ್ನು ಎಂಟನೇ ಕ್ಲಾಸಿನ ಹುಡುಗ ಹುಡುಗಿಯರಂತೆ ಕಂಡರೆ ನಿಮಗೆ ಸಿಟ್ಟು ಬರುತ್ತದೆ. ನಿಮ್ಮ ಮನಸ್ಸಿನಲ್ಲಿರುವ ಅಪ್ಪ, ಅಮ್ಮ ಯಾವ ವರ್ಷದವರು? ನೀವು ಹಾಸ್ಟೆಲಿನಲ್ಲಿದ್ದ ಈ ವರ್ಷಗಳಲ್ಲಿ ಅವರೂ ಎಲ್ಲೆಲ್ಲೋ ಹೋಗಿ ಬಂದಿರುತ್ತಾರೆ, ಮನೆ ಬಿಟ್ಟು ಕದಲದಿದ್ದರೂ.