ಖಾಲಿ ಹೊಟ್ಟೆಯ ಸಕ್ಕರೆ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟ ಬಸ್ಸು ಮಸ್ಕಿಯಲ್ಲಿ ನಿಂತಿತ್ತು. ಕಾಕಾ ಅಂಗಿ ಜೇಬಿನಿಂದ ಲ್ಯಾಬಿನ ಚೀಟಿ ತೆಗೆದು ನನ್ನ ಕೈಗಿಟ್ಟರು. ಖಾಲಿ ಹೊಟ್ಟೆಯಲ್ಲಿ 128.

ಕಾಕಾ: ರಾತ್ರಿ ಒಂದು ರೊಟ್ಟಿ ತಿಂದು ಮಲಗೀನಿ. ಮುಂಜಾನೆ ಚಾ ಸೈತ ಕುಡಿದಿಲ್ಲ. ಉಣ್ಣದವನ ಮೈಯಾಗ ಸಕ್ಕರಿ ಎಲ್ಲಿಂದ ಬಂತವ್ವ?

ನಾನು: ನಿಮ್ಮ ಹಗೇವಿನಿಂದ. ಲಿವರ್ ಅಂದ್ರ ಮೈಯೊಳಗಿನ ಹಗೇವು, ಕಾಕಾ. ಉಂಡಾಗ ತುಂಬಿಟ್ಟುಕೊಂಡು, ನಿದ್ದಿ ಹೊತ್ತಿನಾಗ ಮೆದುಳಿಗೆ ಕಡಿಮಿ ಬೀಳಬಾರದು ಅಂತ ತೆಗೆದು ಕೊಡತೈತಿ. ಗ್ಲುಕಗಾನ್ ಅನ್ನೋ ಹಾರ್ಮೋನು 'ತೆಗಿ' ಅಂತೈತಿ, ಇನ್ಸುಲಿನ್ 'ಸಾಕು, ಮುಚ್ಚು' ಅಂತೈತಿ. ನಿಮ್ಮ ಲಿವರಿಗೆ ಆ 'ಸಾಕು' ಸರಿಯಾಗಿ ಕೇಳಿಸವಲ್ದು.

ಕಾಕಾ: ಹಂಗಾದ್ರ ನಾನು ರೋಗಿ?

ನಾನು: 126 ಮುಟ್ಟಿದ್ರ ಶುಗರ್ ಅಂತಾರ. 1997ಕ್ಕಿಂತ ಮುಂಚೆ ಆ ಗಡಿ 140 ಇತ್ತು.

ಕಾಕಾ: ಅಂದ್ರ ಆವಾಗ ಇದೇ ಚೀಟಿ ತಂದಿದ್ರ ನಾನು ಆರಾಮ ಮನುಷ್ಯ. ನಮ್ಮೂರು ಲಿಂಗಸುಗೂರು ತಾಲೂಕಿನಾಗ ಇತ್ತು, ಈಗ ಮಸ್ಕಿ ತಾಲೂಕು. ಮಣ್ಣು ಅದೇ, ಬೋರ್ಡು ಬ್ಯಾರೆ. ರೋಗಾನೂ ಹಂಗೇ ಎಳೆದ ಗೆರಿ ಏನು?

ಲ್ಯಾಬಿನಲ್ಲಿ ಕೂತು ಅಂಕಿ ಬರೆಯುವ ನನಗೆ ಈ ಪ್ರಶ್ನೆ ಎಂದೋ ಹುಟ್ಟಬೇಕಿತ್ತು.

ನಾನು: ಗೆರಿ ಎಳೆದವರು ಮನುಷ್ಯಾರೇ. ಆದ್ರ ಸುಮ್ಮನ ಎಳೀಲಿಲ್ಲ. ಸಾವಿರಾರು ಮಂದಿ ಕಣ್ಣಿನೊಳಗ ನೋಡಿದ್ರು. 140 ಮುಟ್ಟೋಕಿಂತ ಮೊದಲೇ ಕಣ್ಣಿನ ಸಣ್ಣ ರಕ್ತನಾಳ ಕೆಡಾಕ ಹತ್ತಿದ್ದು ಕಂಡಿತು.

ಕಾಕಾ: (ಬಹಳ ಹೊತ್ತಿನ ಮೇಲೆ) ಗೆರಿ ನಿಮ್ಮದು. ಕಣ್ಣು ನಂದು.

ನಾನು: ಅದಕ್ಕ ಒಂದೇ ಚೀಟಿ ನೋಡಿ ಹಣಿಬರಹ ಬರೀಬಾರದು. ತ್ರಾಸು ಇಲ್ಲದವರಿಗೆ ಇನ್ನೊಮ್ಮೆ ಪರೀಕ್ಷಾ ಮಾಡಬೇಕು. ಎಚ್‌ಬಿಎ1ಸಿ ಅಂತ ಒಂದೈತಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕತೈತಿ, ಅಷ್ಟು ದಿನದ ಸಕ್ಕರಿ ಅದಕ್ಕ ಅಂಟಿಕೊಂಡಿರತೈತಿ. ಅದರ ಗಡಿ 6.5.

ಕಾಕಾ: ನಿಮ್ಮ ಕಾಕಿಗೆ ಅದನ್ನೇ ಮಾಡ್ಯಾರ. 6.6 ಬಂದೈತಿ. ನೆಲ್ಲು ಹಚ್ಚಾಕ ಹೋದ್ರ ಈಗೀಗ ದಮ್ಮು ಹತ್ತತೈತಿ. ಮೈಯಾಗ ರಕ್ತ ಇಲ್ಲ ಅಂತಾರ.

ನಾನು: ಕಬ್ಬಿಣಾಂಶ ಕಡಿಮಿ ಇದ್ರ ಆ ಅಂಕಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸಬಹುದು. ಕಾಕಿಗೆ ಈಗಲೇ ಶುಗರ್ ಅನ್ನಬ್ಯಾಡ್ರಿ. ಮೊದಲು ಹಿಮೋಗ್ಲೋಬಿನ್ ನೋಡೋಣು, ಜತಿಗೆ ಖಾಲಿ ಹೊಟ್ಟಿ ಸಕ್ಕರಿ.

ಕಾಕಾ: ಆಕಿ ದಿನಾ ಖಾಲಿ ಹೊಟ್ಟ್ಯಾಗೇ ಗದ್ದಿಗೆ ಹೋಗ್ತಾಳ. ನಾಳೆ ಕೂಲಿ ಬಿಡಿಸಿ ಕರ್ಕೊಂಡು ಬರ್ತೀನಿ.