ಅಭ್ಯುದಯದ ಋಣ

ಹಂಪನಕಟ್ಟೆಯಿಂದ ಕಂಕನಾಡಿಯತ್ತ ಸಾಗುವ ಫಳ್ನೀರಿನ ದಾರಿಯಲ್ಲಿ ಸಂಜೆಯ ಹೊತ್ತು ನಡೆದು ಹೋಗುವವರಿಗೆ ನಮ್ಮ ಪಟ್ಟಣದ ಏಳಿಗೆಯನ್ನು ಬೇರೊಬ್ಬರು ತೋರಿಸಿಕೊಡಬೇಕಾಗಿಲ್ಲ. ಹಂಚಿನ ಮಾಡಿನ ಮನೆಗಳೂ ತೆಂಗಿನ ಹಿತ್ತಿಲುಗಳೂ ಇದ್ದ ಕಡೆಗಳಲ್ಲಿ ಆಸ್ಪತ್ರೆಗಳೂ ಬಹು ಅಂತಸ್ತಿನ ಸೌಧಗಳೂ ಎದ್ದಿವೆ. ಗುಂಡಿ ಒತ್ತಿದರೆ ದೀಪ ಉರಿಯುತ್ತದೆ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಅಡುಗೆಯ ಅನಿಲವು ಮನೆಬಾಗಿಲಿಗೇ ಬರುತ್ತದೆ. ಈ ಸೌಕರ್ಯಗಳನ್ನು ಅನುಭವಿಸುವ ನಾವು ಅವುಗಳ ಬೆಲೆಯನ್ನು ತಿಂಗಳು ತಿಂಗಳೂ ಸಲ್ಲಿಸುತ್ತೇವೆ. ಸಲ್ಲಿಸಿದಲ್ಲಿಗೆ ನಮ್ಮ ಹೊಣೆ ತೀರಿತೆಂದು ತಿಳಿಯುತ್ತೇವೆ. ಆದರೆ ಬೆಲೆ ತೆತ್ತ ಮಾತ್ರದಿಂದ ಋಣವು ತೀರುವುದೇ? ಇಲ್ಲಿ ವಿಚಾರಿಸಬೇಕೆಂದಿರುವುದು ಇದೊಂದೇ ಪ್ರಶ್ನೆಯನ್ನು.

ಈ ವಿಚಾರಕ್ಕೆ ಇದು ತಕ್ಕ ಕಾಲವೆಂದು ತೋರುತ್ತದೆ. 2015ನೆಯ ಇಸವಿಯ ಜೂನ್ 25ರಂದು ಕೇಂದ್ರ ಸರಕಾರವು ಆರಂಭಿಸಿದ ಸ್ಮಾರ್ಟ್ ಸಿಟಿ ಯೋಜನೆಯು ದೇಶದ 100 ಪಟ್ಟಣಗಳನ್ನು ಆರಿಸಿಕೊಂಡಿತು. 2016ರಲ್ಲಿ ಮಂಗಳೂರೂ ಅವುಗಳಲ್ಲೊಂದಾಯಿತು. 2025ರ ಮಾರ್ಚ್ 31ಕ್ಕೆ ಆ ಯೋಜನೆಯ ಅವಧಿಯು ಮುಗಿಯಿತು. ಇತ್ತ ದೆಹಲಿ-ಮುಂಬಯಿ, ಚೆನ್ನೈ-ಬೆಂಗಳೂರು, ಬೆಂಗಳೂರು-ಮುಂಬಯಿ ಎಂಬ ಕೈಗಾರಿಕಾ ಕಾರಿಡಾರುಗಳ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ನಮ್ಮ ರಾಜ್ಯದಲ್ಲಿ ತುಮಕೂರಿನ ಬಳಿಯ ಕೈಗಾರಿಕಾ ಪಟ್ಟಣಕ್ಕೆ 2023ರಲ್ಲಿ ಶಂಕುಸ್ಥಾಪನೆಯಾಯಿತು. 2024ರ ಆಗಸ್ಟಿನಲ್ಲಿ ದೇಶದ ಬೇರೆ ಬೇರೆ ಕಡೆಗಳಲ್ಲಿ ಇನ್ನೂ 12 ಕೈಗಾರಿಕಾ ನಗರಗಳಿಗೆ 28,602 ಕೋಟಿ ರೂಪಾಯಿಯ ಅನುಮೋದನೆ ದೊರೆಯಿತು. ಇವೆಲ್ಲಕ್ಕೂ ಆಧಾರವಾಗಿರುವ ನಂಬಿಕೆಯು ಒಂದೇ: ರಸ್ತೆ, ರೈಲು, ನೀರು, ವಿದ್ಯುತ್ತುಗಳನ್ನು ಒಂದು ಸಾಲಿನಲ್ಲಿ ಕೂಡಿಸಿಕೊಟ್ಟರೆ ಕಾರ್ಖಾನೆಗಳು ಬರುವುವು, ಕಾರ್ಖಾನೆಗಳು ಬಂದರೆ ಕೆಲಸ ಹುಟ್ಟುವುದು, ಕೆಲಸ ಹುಟ್ಟಿದರೆ ರಾಷ್ಟ್ರದ ಆದಾಯವು ಬೆಳೆಯುವುದು. ಈ ನಂಬಿಕೆ ಹೊಸತಲ್ಲ. ಕೈಗಾರಿಕೆಯ ಮೂಲಕ ದೇಶದ ವರಮಾನವನ್ನು ಹತ್ತು ವರ್ಷಗಳಲ್ಲಿ ಇಮ್ಮಡಿಗೊಳಿಸಬೇಕೆಂಬ ಯೋಜನೆಯನ್ನು ವಿಶ್ವೇಶ್ವರಯ್ಯನವರು 1934ರಲ್ಲಿಯೇ ಗ್ರಂಥರೂಪವಾಗಿ ಮುಂದಿಟ್ಟಿದ್ದರು.

ಇದನ್ನು ಹಗುರವಾಗಿ ಅಲ್ಲಗಳೆಯುವುದು ಸಲ್ಲದು. ಬಡತನವನ್ನು ದೂರದಿಂದ ನೋಡಿ ಕೊಂಡಾಡುವುದು ಉಂಡವರ ವಿಲಾಸ. ದುಡಿಮೆಯನ್ನರಸಿ ನಮ್ಮ ಜಿಲ್ಲೆಯ ಎಷ್ಟು ಮಂದಿ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಹೋಗಿಲ್ಲ! ಎಷ್ಟು ಮನೆಗಳ ಒಲೆಯು ಕೊಲ್ಲಿಯ ನಾಡಿನಿಂದ ಬಂದ ಹಣದಿಂದ ಉರಿದಿಲ್ಲ! ಊರಿನಲ್ಲಿಯೇ ಕೆಲಸ ಹುಟ್ಟಿದ ದಿನ ತಾಯಂದಿರ ಕಣ್ಣೀರು ಅಷ್ಟರಮಟ್ಟಿಗೆ ಕಡಿಮೆಯಾಯಿತು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಾಗ ನೇತ್ರಾವತಿಯ ದಡದ ಜೇಡಿಮಣ್ಣು ನೂರಾರು ಕುಟುಂಬಗಳಿಗೆ ಅನ್ನವಾಯಿತು. ನಮ್ಮ ಊರಿನ ಹೆಸರು ಹಂಚಿನ ಬೆನ್ನಿನ ಮೇಲೆ ಅಚ್ಚಾಗಿ ಸಮುದ್ರವನ್ನು ದಾಟಿತು. ಅಭ್ಯುದಯವನ್ನೂ ನಿಃಶ್ರೇಯಸವನ್ನೂ ಸಾಧಿಸಿಕೊಡತಕ್ಕದ್ದೇ ಧರ್ಮವೆಂದು ವೈಶೇಷಿಕರು ಲಕ್ಷಣ ಹೇಳಿದರಷ್ಟೆ. ಅಭ್ಯುದಯವನ್ನು ಅವರು ಧರ್ಮದ ಹೊರಗೆ ನಿಲ್ಲಿಸಲಿಲ್ಲ, ಒಳಗೇ ಇರಿಸಿದರು. ಒಳಗೆ ಇರಿಸಿದುದರಿಂದಲೇ ಅದು ಧರ್ಮದ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಪ್ರಶ್ನೆ ಯಾವುದೆಂಬುದು ಪಣಂಬೂರಿಗೆ ಹೋದರೆ ತಿಳಿಯುತ್ತದೆ. ಮಳೆಗಾಲದಲ್ಲಿಯೂ ಹಡಗು ತಂಗಬಲ್ಲ ಬಂದರವೊಂದು ಈ ಕರಾವಳಿಗೆ ಬೇಕೆಂದು ಹಗಲಿರುಳು ದುಡಿದವರು ಲೋಕಸಭೆಯ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು. 1962ರಲ್ಲಿ ಕೆಲಸವು ಮೊದಲಾಯಿತು. 1965ರಲ್ಲಿ ಮಲ್ಯರು ತೀರಿಕೊಂಡರು. 1974ರ ಮೇ 4ರಂದು ಅದು ದೇಶದ ಪ್ರಧಾನ ಬಂದರಗಳ ಸಾಲಿಗೆ ಸೇರಿತು. ಪ್ರಕೃತಿಯು ಕೊಟ್ಟ ಕೊಲ್ಲಿ ಅಲ್ಲಿರಲಿಲ್ಲ; ನೆಲವನ್ನು ಅಗೆದು ಸಮುದ್ರವನ್ನು ಒಳಕ್ಕೆ ಬರಮಾಡಿಕೊಂಡು ಕಟ್ಟಿದ ಬಂದರವಿದು. ಅಗೆದ ಆ ನೆಲದಲ್ಲಿ ಮನೆಗಳಿದ್ದುವು, ಬಾವಿಗಳಿದ್ದುವು. ಅಲ್ಲಿಂದ ಎದ್ದು ಬಂದ ಸಂಸಾರಗಳಿಗೆ ಕೃಷ್ಣಾಪುರ, ಕಾಟಿಪಳ್ಳಗಳಲ್ಲಿ ನಿವೇಶನಗಳನ್ನು ಕೊಡಲಾಯಿತು. ನನ್ನ ಪರಿಚಯದ ಹಿರಿಯರೊಬ್ಬರು ಬಾಲ್ಯದಲ್ಲಿ ಹಾಗೆ ಬಂದವರು; ಅರ್ಧ ಶತಮಾನಕ್ಕೂ ಮಿಕ್ಕಿ ಕೃಷ್ಣಾಪುರದಲ್ಲಿದ್ದಾರೆ. ಊರು ಯಾವುದೆಂದು ಕೇಳಿದರೆ ಇಂದಿಗೂ ಪಣಂಬೂರೆಂದೇ ಹೇಳುತ್ತಾರೆ. “ನಮ್ಮ ಬಾವಿ ಇದ್ದಲ್ಲಿ ಈಗ ಹಡಗು ನಿಲ್ಲುತ್ತದೆ ಮಾರಾಯ್ರೆ” ಎಂದು ಅವರು ಒಮ್ಮೆ ನಗುತ್ತಲೇ ಹೇಳಿದರು. ಆ ನಗುವಿನಲ್ಲಿ ಕೋಪವಿರಲಿಲ್ಲ. ಬಂದರದಿಂದ ತಮ್ಮ ಮಕ್ಕಳಿಗೆ ಕೆಲಸ ಸಿಕ್ಕಿತೆಂಬುದನ್ನೂ ಅವರೇ ಸೇರಿಸಿದರು. ಆದರೆ ಆ ಬಾವಿಯ ವಿಷಯವಾಗಿ ಪಟ್ಟಣದವರು ಯಾರಾದರೂ ಅವರನ್ನು ಎಂದಾದರೂ ಕೇಳಿದುದುಂಟೆ? ನಾನೂ ಕೇಳಿರಲಿಲ್ಲ, ಅವರಾಗಿಯೇ ಹೇಳಿದರು.

ಮುಂದಿನ ಕಥೆಯು ಇದಕ್ಕಿಂತ ಜಟಿಲವಾದುದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ಕಾನೂನು ನಮ್ಮ ಜಿಲ್ಲೆಯಲ್ಲಿ ಗೇಣಿಯ ಒಕ್ಕಲುಗಳನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ತಲೆಮಾರುಗಳಿಂದ ಅನ್ಯರ ಗದ್ದೆಯನ್ನು ಉತ್ತವರು ಮೊದಲ ಬಾರಿಗೆ ಸ್ವಂತ ಹೆಸರಿನ ಪಹಣಿಯನ್ನು ಕಂಡರು. ಸುಮಾರು ಮೂವತ್ತು ವರ್ಷಗಳು ಕಳೆದುವು. 2006ರಲ್ಲಿ ವಿಶೇಷ ಆರ್ಥಿಕ ವಲಯದ ಸಂಸ್ಥೆಯು ಸ್ಥಾಪಿತವಾಗಿ, ಕಳವಾರು, ಬಜಪೆ, ಪೆರ್ಮುದೆ ಮೊದಲಾದ ಗ್ರಾಮಗಳ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಾಯಿತು. ಮೊದಲು ನ್ಯಾಯವೆಂದು ಕೊಟ್ಟ ನೆಲವನ್ನು ಅನಂತರ ಅಭಿವೃದ್ಧಿಯೆಂದು ಹಿಂದಕ್ಕೆ ತೆಗೆದುಕೊಂಡಂತಾಯಿತು. ಅದೇ ಭಾಗದಲ್ಲಿ ಎರಡನೆಯ ಹಂತಕ್ಕಾಗಿ ಗುರುತಿಸಿದ್ದ 2,035 ಎಕರೆಗಳನ್ನು ಜನರ ಪ್ರತಿಭಟನೆಯ ತರುವಾಯ 2011ರಲ್ಲಿ ಸರಕಾರವು ಕೈಬಿಟ್ಟಿತು. ಬೇಡವೆಂದವರ ಮಾತಿಗೆ ಬೆಲೆಯುಂಟೆಂದು ಇದರಿಂದ ಸಿದ್ಧವಾಯಿತು. ಆದರೆ ಆ ಮಾತು ಕೇಳಿಸಬೇಕಾದರೆ ಬೀದಿಗಿಳಿಯಬೇಕಾಯಿತೆಂಬುದೂ ಸಿದ್ಧವಾಯಿತು.

ಇಲ್ಲಿ ಒಂದು ಲೆಕ್ಕವನ್ನು ಸಾಮಾನ್ಯವಾಗಿ ಮುಂದಿಡುತ್ತಾರೆ. ಸಾವಿರ ಮಂದಿಗೆ ನಷ್ಟ, ಲಕ್ಷಾಂತರ ಮಂದಿಗೆ ಲಾಭ. ನಷ್ಟವನ್ನು ಕಳೆದರೂ ಲಾಭ ಉಳಿಯುತ್ತದೆ. ಆದುದರಿಂದ ಕಾರ್ಯವು ಯುಕ್ತ ಎಂದು. ಆಂಗ್ಲ ದೇಶದ ಬೆಂಥಾಮನ ಕಾಲದಿಂದಲೂ ಈ ತರ್ಕವು ರಾಜನೀತಿಯಲ್ಲಿ ನಡೆದುಬಂದಿದೆ. ಇದರಲ್ಲಿ ಒಂದು ದೋಷವಿದೆ. ಒಬ್ಬನೇ ಮನುಷ್ಯನು ಇಂದು ನಷ್ಟಪಟ್ಟು ನಾಳೆ ಹೆಚ್ಚಿನ ಲಾಭವನ್ನು ಪಡೆದರೆ ಅವನು ಒಂದರಿಂದ ಇನ್ನೊಂದನ್ನು ಕಳೆದು ನೋಡಿ ಸಮಾಧಾನಗೊಳ್ಳಬಹುದು. ನಷ್ಟವು ಕಳವಾರಿನವನಿಗೂ ಲಾಭವು ಫಳ್ನೀರಿನವನಿಗೂ ಆದಾಗ ಹಾಗೆ ಕಳೆದು ನೋಡುವವರು ಯಾರು? ಕೂಡಿಸಿದ ಮೊತ್ತವನ್ನು ಅನುಭವಿಸುವ ಒಂದು ಜೀವವು ಎಲ್ಲಿಯೂ ಇಲ್ಲ. “ನಾಡಿಗೆ ಲಾಭವಾಯಿತು” ಎಂಬ ವಾಕ್ಯದಲ್ಲಿ ನಾಡೆಂಬ ಶಬ್ದವು ಕಳೆದುಕೊಂಡವನನ್ನೂ ಒಳಗೊಂಡಿರಬೇಕು. ಒಳಗೊಳ್ಳದಿದ್ದರೆ ನಾವು ಹೇಳುತ್ತಿರುವುದು “ನಮಗೆ ಲಾಭವಾಯಿತು” ಎಂದಷ್ಟೆ. ರಸ್ಕಿನ್ನನ ಗ್ರಂಥವೊಂದನ್ನು 1908ರಲ್ಲಿ ಗುಜರಾತಿಯಲ್ಲಿ ಸಂಗ್ರಹಿಸಿದ ಗಾಂಧೀಜಿಯವರು ಅದಕ್ಕೆ ಸರ್ವೋದಯವೆಂದು ಹೆಸರಿಟ್ಟರು. ಬಹುಜನರ ಹಿತವಲ್ಲ, ಎಲ್ಲರ ಹಿತವೆಂಬುದು ಆ ಶಬ್ದದಲ್ಲಿಯೇ ಇದೆ.

ಇದಕ್ಕೆ ಪ್ರಬಲವಾದ ಆಕ್ಷೇಪವೊಂದುಂಟು, ಅದನ್ನು ಮರೆಮಾಚಬಾರದು. ಒಬ್ಬೊಬ್ಬನೂ ತನ್ನ ಹಿತ್ತಿಲನ್ನು ಹಿಡಿದು ಕುಳಿತರೆ ಬಂದರವೆಲ್ಲಿ, ರೈಲುದಾರಿಯೆಲ್ಲಿ, ಫಳ್ನೀರಿನ ಆಸ್ಪತ್ರೆಗೆ ಹೋಗುವ ರಸ್ತೆಯಾದರೂ ಎಲ್ಲಿ? ಹಳೆಯ ರಸ್ತೆಗಳೂ ಯಾರದೋ ನೆಲದ ಮೇಲೆಯೇ ಹಾದುಬಂದಿರುವುವಲ್ಲವೆ? ಮಾತು ನಿಜ. ತ್ಯಾಗವಿಲ್ಲದೆ ಸಮಾಜವಿಲ್ಲ. ಆದರೆ ತ್ಯಾಗವೆಂಬುದು ಕೊಡುವವನ ಶಬ್ದ. ತೆಗೆದುಕೊಳ್ಳುವವನು ಅದನ್ನು ಬಳಸಿದರೆ ಅದು ಬೇರೆಯೇ ಆಗುತ್ತದೆ. ಇನ್ನೊಬ್ಬನಿಂದ ತ್ಯಾಗವನ್ನು ಬೇಡುವವನು ಮೂರು ಮಾತುಗಳನ್ನು ಒಪ್ಪಿಕೊಳ್ಳಬೇಕೆಂದು ನನಗೆ ತೋರುತ್ತದೆ.

ಮೊದಲನೆಯದು, ಕೇಳುವುದು. 2014ರ ಜನವರಿಯಿಂದ ಜಾರಿಯಾದ ಭೂಸ್ವಾಧೀನ ಕಾನೂನಿನಲ್ಲಿ ಖಾಸಗಿ ಕಂಪೆನಿಗಳಿಗಾಗಿ ಭೂಮಿ ತೆಗೆದುಕೊಳ್ಳಬೇಕಾದರೆ ನೂರಕ್ಕೆ 80 ಮಂದಿಯ, ಸರಕಾರವೂ ಖಾಸಗಿಯವರೂ ಕೂಡಿ ನಡೆಸುವ ಯೋಜನೆಗಳಿಗೆ 70 ಮಂದಿಯ ಒಪ್ಪಿಗೆ ಬೇಕೆಂದಿದೆ. ಆದರೆ ಕರ್ನಾಟಕದಲ್ಲಿ ಕೈಗಾರಿಕೆಯ ಭೂಮಿಯು ಬಹುಮಟ್ಟಿಗೆ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಮೂಲಕ ಬರುತ್ತದೆ. ಅದರಲ್ಲಿ ಈ ನಿಯಮವಿಲ್ಲ. ಕಾನೂನು ಕೇಳದಿದ್ದರೂ ಧರ್ಮವು ಕೇಳುತ್ತದೆ. ಎರಡನೆಯದು, ಬೆಲೆಯ ಜೊತೆಗೆ ಪಾಲು. ಸೆಂಟ್ಸಿಗೆ ಇಷ್ಟೆಂದು ಕಟ್ಟಿದ ಹಣವು ಗದ್ದೆಗೆ ಸಲ್ಲಬಹುದು; ನಾಗಬನಕ್ಕೆ, ಭೂತಸ್ಥಾನಕ್ಕೆ, ನೆರೆಮನೆಯವನ ಸಹವಾಸಕ್ಕೆ ದರದ ಪಟ್ಟಿಯಿಲ್ಲ. ಅಳೆಯಲಾಗದುದನ್ನು ಹಣದಿಂದ ತುಂಬಲಾಗದು. ಬೆಳೆಯುವ ಸಂಪತ್ತಿನಲ್ಲಿ ನಿರಂತರವಾದ ಪಾಲನ್ನಾದರೂ ಕೊಡಬಹುದು. ಮೂರನೆಯದು, ಎಷ್ಟು ಕಾಲದ ಲಾಭಕ್ಕೆ ಎಷ್ಟು ಕಾಲದ ನಷ್ಟವೆಂಬ ವಿವೇಚನೆ. ಕುದುರೆಮುಖದ ಅದಿರಿನ ಕಂಪೆನಿಯು 1976ರಲ್ಲಿ ಇರಾನ್ ದೇಶದ ಬೇಡಿಕೆಯನ್ನು ನೆಚ್ಚಿ ಹುಟ್ಟಿತು. ಅಲ್ಲಿ 1979ರ ಕ್ರಾಂತಿಯಾದೊಡನೆ ಆ ಬೇಡಿಕೆಯು ಕರಗಿತು. ಬೇರೆ ಗಿರಾಕಿಗಳು ಸಿಕ್ಕರು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿಯು ನಿಂತಿತು. ಗಣಿಯ ಆಯುಸ್ಸು ಮೂವತ್ತು ವರ್ಷವೂ ತುಂಬಲಿಲ್ಲ. ಆ ಬೆಟ್ಟವನ್ನು ಮತ್ತೆ ಕಟ್ಟಲು ಎಷ್ಟು ವರ್ಷ ಬೇಕೆಂದು ಯಾವ ಇಂಜಿನಿಯರನೂ ಹೇಳಲಾರನು.

ಇನ್ನು ಪಟ್ಟಣದ ಜಾಣತನದ ಮಾತು. ಸ್ಮಾರ್ಟ್ ಎಂದರೆ ಜಾಣ, ಚತುರ. ನಮ್ಮ ಪಟ್ಟಣದಲ್ಲಿ ಹಂಪನಕಟ್ಟೆಯ ಗಡಿಯಾರ ಗೋಪುರವು ಮತ್ತೆ ಎದ್ದಿದೆ, ಬೀದಿಗಳನ್ನು ಕಣ್ಣಿಟ್ಟು ನೋಡುವ ನಿಯಂತ್ರಣ ಕೇಂದ್ರವಿದೆ, ಎಮ್ಮೆಕೆರೆಯಲ್ಲಿ ಈಜುಕೊಳವಾಗಿದೆ, ಜೆಪ್ಪುವಿನ ಗುಜ್ಜರಕೆರೆಗೂ ಹಣ ವೆಚ್ಚವಾಗಿದೆ. ಇವು ಬೇಡವೆನ್ನುವಂತಿಲ್ಲ. ಆದರೆ ಜಾಣತನಕ್ಕೂ ವಿವೇಕಕ್ಕೂ ಅಂತರವುಂಟು. ಬೀದಿಯಲ್ಲಿ ಯಾವ ವಾಹನ ಹೋಯಿತೆಂಬುದನ್ನು ಅರಿಯುವುದು ಜಾಣತನ. ತಾನು ಯಾರಿಂದ ಬದುಕಿರುವೆನೆಂಬುದನ್ನು ಅರಿಯುವುದು ವಿವೇಕ. ಫಳ್ನೀರೆಂಬ ಹೆಸರಿನ ವ್ಯುತ್ಪತ್ತಿ ಏನೇ ಇರಲಿ, ಅದರ ಕೊನೆಯಲ್ಲಿ ನೀರೆಂಬ ಶಬ್ದವು ಕೇಳಿಸುತ್ತದೆ. ಆ ನೀರು ನಮಗೆ ಬರುವುದು ತುಂಬೆಯ ಅಣೆಕಟ್ಟಿನಿಂದ, ನೇತ್ರಾವತಿಯಿಂದ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ 2016ರ ಮತ್ತು 2019ರ ಬೇಸಗೆಗಳಲ್ಲಿ ನಲ್ಲಿಗಳು ಸರದಿಯ ಮೇಲೆ ಹರಿದುವು. ಅದೇ ನದಿಯನ್ನು ನೆಚ್ಚಿದ ತೈಲ ಶುದ್ಧೀಕರಣದ ಕಾರ್ಖಾನೆಯು ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಈಗ ಸಮುದ್ರದ ಉಪ್ಪುನೀರನ್ನು ಸಿಹಿಗೊಳಿಸುವ ಸ್ಥಾವರವನ್ನು ಆ ಕಾರ್ಖಾನೆಯವರು ಕಟ್ಟಿಕೊಂಡಿದ್ದಾರೆ. ಅದು ನಿಂತಿರುವ ಸ್ಥಳದ ಹೆಸರು ತಣ್ಣೀರುಬಾವಿ. ಬಾವಿಯ ತಣ್ಣೀರಿನಿಂದ ಹೆಸರು ಪಡೆದ ನೆಲದಲ್ಲಿ ಕಡಲನ್ನು ಸೋಸಿ ಕುಡಿಯುವ ಕಾಲ ಬಂದಿದೆ. ಕಟ್ಟಿದುದು ತಪ್ಪೆಂದಲ್ಲ, ನದಿಯ ಮೇಲಿನ ಭಾರವು ಅದರಿಂದ ಇಳಿದುದು ಒಳ್ಳೆಯದೇ. ಆದರೂ ನಮ್ಮ ನಡೆಯ ವೇಗವನ್ನು ಅಳೆಯಲು ಇದಕ್ಕಿಂತ ಬೇರೆ ಮಾನದಂಡವು ಬೇಕಾಗಿಲ್ಲ.

ಹಾಗಾದರೆ ಫಳ್ನೀರಿನ ಮನೆಯಲ್ಲಿ ಕುಳಿತು ಪತ್ರಿಕೆಯನ್ನೋದುವ ಗೃಹಸ್ಥನು ಮಾಡತಕ್ಕದ್ದೇನು? ಸರಕಾರವು ಮಾಡಬೇಕಾದುದನ್ನು ಪಟ್ಟಿಮಾಡುವುದು ಸುಲಭ. ಅದನ್ನು ಇಲ್ಲಿ ಮಾಡಹೋಗುವುದಿಲ್ಲ. ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣಗಳನ್ನು ಹೇಳಿದರು. ಋಣವೆಂದರೆ ನಾವು ಬೇಡಿ ಪಡೆದ ಸಾಲವಲ್ಲ. ಹುಟ್ಟುತ್ತಲೇ ತಲೆಯ ಮೇಲಿರುವ ಹೊಣೆ. ಪಣಂಬೂರಿನವರನ್ನು ಎಬ್ಬಿಸೆಂದು ನಾವು ಹೇಳಿರಲಿಲ್ಲ. ಆದರೆ ಅವರು ಬಿಟ್ಟುಹೋದುದರ ಫಲವನ್ನು ನಾವು ಉಣ್ಣುತ್ತಿದ್ದೇವೆ. ಇದೂ ಅಂತಹ ಋಣವೇ. ಇದನ್ನು ತೀರಿಸುವ ಮೊದಲ ಮೆಟ್ಟಿಲು ಒಪ್ಪಿಕೊಳ್ಳುವುದು. ಎರಡನೆಯದು ಮಿತಿಯನ್ನರಿತು ಬಳಸುವುದು. ಮೂರನೆಯದು ಜೊತೆಯಲ್ಲಿ ನಿಲ್ಲುವುದು. ದೊಡ್ಡ ಕಾರ್ಖಾನೆಗಳಿಗೆ ಮುಂಚಿತವಾಗಿ ಸಾರ್ವಜನಿಕರ ಅಹವಾಲನ್ನು ಕೇಳಬೇಕೆಂಬ ನಿಯಮವುಂಟು. ಆ ಸಭೆಗಳಿಗೆ ಭೂಮಿ ಕಳೆದುಕೊಳ್ಳುವವರು ಹೋಗುತ್ತಾರೆ. ಲಾಭ ಪಡೆಯುವ ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೇವೆ? ನಷ್ಟಪಡುವವನೊಬ್ಬನೇ ಮಾತಾಡಿದರೆ ಅದು ಸ್ವಾರ್ಥವೆಂದೆನಿಸಿಕೊಳ್ಳುತ್ತದೆ. ಲಾಭಪಡೆಯುವವನೂ ಅವನ ಪಕ್ಕದಲ್ಲಿ ನಿಂತು ಅದೇ ಮಾತನ್ನಾಡಿದರೆ ಅದು ನ್ಯಾಯವೆನಿಸುತ್ತದೆ.

ಕೃಷ್ಣಾಪುರದ ಆ ಹಿರಿಯರು ಬೇಡಿದುದು ಹೆಚ್ಚಿನ ಪರಿಹಾರವನ್ನಲ್ಲ. ತಮ್ಮ ಬಾವಿಯೊಂದು ಅಲ್ಲಿ ಇತ್ತೆಂಬುದನ್ನು ಊರು ಮರೆಯಬಾರದೆಂದು ಮಾತ್ರ ಅವರ ಆಸೆ. ಹಡಗುಗಳು ಬರಲಿ, ಪಟ್ಟಣವು ಬೆಳೆಯಲಿ. ಮುಂದಿನ ಬಾವಿಯನ್ನು ಮುಚ್ಚುವ ಮೊದಲು ಅದರ ನೀರು ಕುಡಿದವರನ್ನು ಕೇಳುವಷ್ಟು ಸೌಜನ್ಯವು ನಮ್ಮ ಅಭ್ಯುದಯಕ್ಕೆ ಬಂದರೆ ಆ ಹಿರಿಯರ ಬಾವಿಯು ಸಮುದ್ರದ ಪಾಲಾದುದು ವ್ಯರ್ಥವಾಗಲಿಲ್ಲವೆಂದು ಹೇಳಬಹುದು.