ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ?

ಶಿಕ್ಷಕರ ತರಬೇತಿಯ ಕೊನೆಯ ದಿನ ಅನಿಸಿಕೆ ಹೇಳಲು ಎದ್ದವರಲ್ಲಿ ಒಬ್ಬರಾದರೂ ಈ ಗಾದೆ ಎತ್ತುತ್ತಾರೆ: ‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು?’ ಹೇಳುವವರು ಸಾಮಾನ್ಯವಾಗಿ ಹಿಂದಿನ ಸಾಲಿನ ಹಿರಿಯ ಮೇಷ್ಟ್ರು. ಸಭೆ ನಗುತ್ತದೆ, ಸಂಪನ್ಮೂಲ ವ್ಯಕ್ತಿಯೂ ನಗುತ್ತಾರೆ, ಹಾಜರಿ ಹಾಳೆಗೆ ಕೊನೆಯ ಸಹಿ ಹಾಕಿ ಎಲ್ಲರೂ ಬಸ್ಸು ಹಿಡಿಯುತ್ತಾರೆ. ಹೇಳಿ ಪ್ರಯೋಜನವಿಲ್ಲ, ಕೇಳಿಯೂ ಪ್ರಯೋಜನವಿಲ್ಲ ಎಂಬಲ್ಲಿಗೆ ಗಾದೆಯ ಕೆಲಸ ಮುಗಿಯುತ್ತದೆ.

ನನಗೇಕೋ ಈ ಗಾದೆ ಅಷ್ಟು ಕೈಚೆಲ್ಲಿದ ಮಾತು ಅನ್ನಿಸುವುದಿಲ್ಲ. ಅದು ಕೇಳುತ್ತಿರುವುದು ಒಂದು ಪ್ರಶ್ನೆ, ಉತ್ತರ ಕೇಳುಗರಿಗೆ ಬಿಟ್ಟದ್ದು. ಎಷ್ಟು ದಿನ ಎಂದು ಉತ್ತರ ಕರ್ನಾಟಕದ ಯಾವ ತಾಯಿಯನ್ನಾದರೂ ಕೇಳಿ ನೋಡಿ. ‘ಏನು ಕಟ್ಟಬೇಕು?’ ಎಂದು ಆಕೆ ಮೊದಲು ತಿರುಗಿ ಕೇಳುತ್ತಾಳೆ. ಪಲ್ಯ ಸಂಜೆಗೆ ಹಳಸುತ್ತದೆ, ಮೊಸರನ್ನ ಮರುದಿನ ಹುಳಿ ಬರುತ್ತದೆ, ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ವಾರಗಟ್ಟಲೆ ಬಾಳುತ್ತವೆ. ಕಟ್ಟುವವಳಿಗೆ ದಾರಿಯ ದೂರ ಗೊತ್ತು, ಉಣ್ಣುವವನ ಹಲ್ಲು ಗೊತ್ತು. ಜೊತೆಗೆ, ಬುತ್ತಿ ತೀರುವುದರೊಳಗೆ ಅವನು ಎಲ್ಲಿಯಾದರೂ ಒಲೆ ಹೂಡಿಕೊಳ್ಳಬೇಕು ಎಂಬುದೂ ಗೊತ್ತು.

ಓದು–ಬರಹ ಕಲಿಸುವ ಹೊಸ ಕ್ರಮವನ್ನು ಶಾಲೆಗೆ ತರಲು ಹೊರಟವರು ಈ ಲೆಕ್ಕವನ್ನು ಎಲ್ಲಿ ತಪ್ಪುತ್ತಾರೆ ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆ ಇದೆ, ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಅದು ಶುರುವಾಯಿತು. ಅಲ್ಲಿನ ಕೆಲವು ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಮದನಪಲ್ಲಿಯ ಹತ್ತಿರದ ರಿಷಿವ್ಯಾಲಿಗೆ ಹೋದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಹಳ್ಳಿಯ ಬಹುವರ್ಗ ಶಾಲೆಗಳಿಗೆಂದು ರೂಪಿಸಿದ್ದ ಕಾರ್ಡು–ಏಣಿಗಳ ಪದ್ಧತಿ ನೋಡಿದರು. ಊರಿಗೆ ಬಂದು ಅದನ್ನು ಹಾಗೇ ಇಳಿಸಲಿಲ್ಲ. ತಮ್ಮ ಕಾಡಂಚಿನ ಮಕ್ಕಳಿಗೆ ಹೊಂದುವಂತೆ ಕಾರ್ಡುಗಳನ್ನು ತಾವೇ ಬರೆದರು, ಹಾಡು ಹುಡುಕಿದರು, ಸರಿಹೋಗದ್ದನ್ನು ಬದಲಿಸಿದರು. ಪಕ್ಕದ ಶಾಲೆಯವರು ನೋಡಲು ಬಂದರೆ ಅವರಿಗೆ ಕಾಣುತ್ತಿದ್ದದ್ದು ತಮ್ಮಷ್ಟೇ ಸಂಬಳದ, ತಮ್ಮಂಥದೇ ಸೋರುವ ಕೊಠಡಿಯ ಇನ್ನೊಬ್ಬ ಮೇಷ್ಟ್ರ ತರಗತಿ. ಅಧಿಕಾರಿಯ ಭಾಷಣ ಮಾಡಲಾಗದ ಕೆಲಸವನ್ನು ಆ ನೋಟ ಮಾಡಿತು.

ಮುಂದೆ 2009–10ರಲ್ಲಿ ಅದೇ ನಲಿಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು–ಎರಡನೇ ತರಗತಿಗಳಿಗೆಲ್ಲ ಹೋಯಿತು. ಅಚ್ಚಾದ ಕಾರ್ಡು, ಅಚ್ಚಾದ ಏಣಿ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಕ್ಲಸ್ಟರಿಗೆ ಇಳಿದು ಬಂದ ತರಬೇತಿ. ಪ್ರತಿ ಮೆಟ್ಟಿಲಿನಲ್ಲಿ ಒಂದಷ್ಟು ‘ಯಾಕೆ’ ಉದುರಿ, ‘ಹೇಗೆ’ ಮಾತ್ರ ಕೆಳಗೆ ತಲುಪಿತು. ಹೆಗ್ಗಡದೇವನಕೋಟೆಯಲ್ಲಿ ಒಲೆಯ ಮೇಲಿದ್ದದ್ದು ಉಳಿದೆಡೆ ಬುತ್ತಿಯಾಗಿ ಬಂತು. ರಾಜ್ಯದ ಅಷ್ಟೂ ಶಾಲೆಗೆ ಬೇರೆ ದಾರಿ ಏನಿತ್ತು ಎಂದು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಎಷ್ಟೋ ಶಿಕ್ಷಕರು ಆ ಬುತ್ತಿಯನ್ನೇ ಬಿಚ್ಚಿ ಚೆನ್ನಾಗಿ ಬಡಿಸಿದರು ಎಂಬುದೂ ನಿಜ.

‘ಯಾಕೆ’ ಉದುರುವುದು ಅಂದರೇನು ಎಂಬುದಕ್ಕೆ ಅಕ್ಷರಗಳ ವಿಷಯವನ್ನೇ ನೋಡಿ. ನಲಿಕಲಿಯ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಇದನ್ನು ಕೇಳಿ ಬೆಚ್ಚಿಬಿದ್ದ ಪಾಲಕರಿಗೂ ಹಿರಿಯ ಶಿಕ್ಷಕರಿಗೂ ಲೆಕ್ಕವಿಲ್ಲ. ‘ಅ ಆ ಇ ಈ ಬಿಟ್ಟು ಇದೆಂಥಾ ಕನ್ನಡ?’ ಸುತ್ತೋಲೆಯ ಉತ್ತರ: ಕೈಪಿಡಿಯಲ್ಲಿ ಹಾಗಿದೆ. ಆದರೆ ಈ ಐದು ಅಕ್ಷರದ ಮಿಂಚುಪಟ್ಟಿಗಳನ್ನು ನೆಲದ ಮೇಲೆ ಹರಡಿ ಕೂತ ಆರು ವರ್ಷದ ಹುಡುಗನನ್ನು ನೋಡಬೇಕು. ಸರ ಆಗುತ್ತದೆ, ತಿರುಗಿಸಿದರೆ ರಸ. ಅಗಸ, ಅರಸ ಆಗುತ್ತದೆ. ಇನ್ನೊಂದು ಗ ಸಿಕ್ಕಿದರೆ ಇದ್ದಕ್ಕಿದ್ದಂತೆ ಗರಗಸ! ಅಪ್ಪ ಮರಗೆಲಸದವನಾದರಂತೂ ಕೇಳುವುದೇ ಬೇಡ. ಕಾಗುಣಿತವಿಲ್ಲ, ಒತ್ತಿಲ್ಲ, ಶಾಲೆಗೆ ಬಂದ ಕೆಲವೇ ವಾರಗಳಲ್ಲಿ ಆತ ಓದಿದ್ದಾನೆ. ವರ್ಣಮಾಲೆಯ 49 ಅಕ್ಷರ ತಿದ್ದಿ, ಕಾಗುಣಿತದ ಸಾಲು ಸಾಲು ಬರೆದು, ಆಮೇಲೆ ಎಂದೋ ಒಂದು ದಿನ ಅರ್ಥವಿರುವ ಮಾತನ್ನು ಓದುವ ಮಗುವಿಗೂ ಇವನಿಗೂ ಇರುವ ವ್ಯತ್ಯಾಸವನ್ನು ಕೈಪಿಡಿ ಕಾಣಿಸಲಾರದು. ಪಕ್ಕದ ಕೊಠಡಿಯ ಬಾಗಿಲಲ್ಲಿ ಐದು ನಿಮಿಷ ನಿಂತರೆ ಕಾಣುತ್ತದೆ.

ನಿಲ್ಲುವುದಿಲ್ಲವಲ್ಲ, ಎಂದು ಹೊಸ ಹುಮ್ಮಸ್ಸಿನ ಶಿಕ್ಷಕರು ಬೇಸರಿಸುತ್ತಾರೆ. ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಸೋಮಾರಿತನ ಎಂದು ತೀರ್ಮಾನಿಸುವುದು ಸುಲಭ, ಬಹುಪಾಲು ತಪ್ಪು. ಇಪ್ಪತ್ತೈದು ವರ್ಷ ಸೇವೆಯ ಶಿಕ್ಷಕರ ಕಡೆಯಿಂದ ನೋಡಿ. ನಲಿಕಲಿ ಬಂತು, ಓದು ಕರ್ನಾಟಕ ಬಂತು, ಕೊರೋನಾ ಮುಗಿದ ಮೇಲೆ ಕಲಿಕಾ ಚೇತರಿಕೆ ಬಂತು, 2021ರಿಂದ ಕೇಂದ್ರದ ನಿಪುಣ್ ಭಾರತ್. ಪ್ರತಿಯೊಂದಕ್ಕೂ ಹೊಸ ರಿಜಿಸ್ಟರು, ಹೊಸ ಫೋಟೋ, ಹೊಸ ಲಿಂಕು. ಇದರ ಮೇಲೆ ಬಿಸಿಯೂಟ, ಮೊಟ್ಟೆಯ ಲೆಕ್ಕ, ಮಕ್ಕಳ ಮಾಹಿತಿಯ ಸ್ಯಾಟ್ಸ್ ಎಂಟ್ರಿ, ಮತದಾರರ ಪಟ್ಟಿ. ‘ಬಂದ ಹಂಗ ಹೋಗ್ತದ ಬಿಡ್ರಿ’ ಎಂಬುದು ಅವರ ಅನುಭವದ ಸಾರ, ಬಹಳ ಸಲ ನಿಜವೂ ಆಗಿದೆ. ಇನ್ನೂ ಒಂದು ಮಾತು ಅವರ ಪರವಾಗಿ ಹೇಳಬೇಕು. ಅವರ ಹಳೆಯ ಕ್ರಮದಲ್ಲಿ ಓದಲು ಕಲಿತವರೇ ಇಂದು ಅವರಿಗೆ ತರಬೇತಿ ಕೊಡಲು ಬಂದಿದ್ದಾರೆ.

ಹೊಸದೆಲ್ಲ ಗೆದ್ದಿದೆ ಎಂದೇನೂ ಇಲ್ಲ. ಕರ್ನಾಟಕದ ಯಾದಗಿರಿ ಮತ್ತು ಮಹಾರಾಷ್ಟ್ರದ ವಾಡಾದಲ್ಲಿ ಮೂರು ವರ್ಷ ಮಕ್ಕಳ ಬೆನ್ನು ಹತ್ತಿ ನಡೆಸಿದ, ಓದು–ಬರಹ ಕಲಿಕೆಯ ಕುರಿತ ಲಿರಿಲ್ ಅಧ್ಯಯನದ ವರದಿ 2017ರಲ್ಲಿ ಬಂತು. ಯಾದಗಿರಿಯಲ್ಲಿ ಸಂಶೋಧಕರು ನೋಡಿದ್ದು ನಲಿಕಲಿ ತರಗತಿಗಳನ್ನೇ. ಬಹಳಷ್ಟು ಮಕ್ಕಳು ಅಕ್ಷರ–ಪದಗಳ ಹಂತದಲ್ಲೇ ಸಿಕ್ಕಿಕೊಂಡಿದ್ದರು, ಅರ್ಥ ಹಿಡಿದು ಓದುವುದಕ್ಕೆ, ತಮ್ಮದೇ ಮಾತು ಬರೆಯುವುದಕ್ಕೆ ತರಗತಿಯಲ್ಲಿ ಜಾಗ ಕಡಿಮೆ ಇತ್ತು. ಕಾರ್ಡು ಬದಲಾದರೂ ಅದರ ಹಿಂದಿನ ನಂಬಿಕೆ ಬದಲಾಗಿರಲಿಲ್ಲ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಈಗ 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಾತುಕತೆ, ಪದ ಗುರುತಿಸುವಿಕೆ, ಓದು, ಬರಹ ನಾಲ್ಕಕ್ಕೂ ದಿನದಲ್ಲಿ ಹೊತ್ತು ಕೊಡಿ ಎನ್ನುತ್ತಿದೆ. ಒಳ್ಳೆಯದು. ಆದರೆ ನಾಲ್ಕನ್ನೂ ಐದು ದಿನದ ತರಬೇತಿಯಲ್ಲಿ ತುಂಬಿ ಕಳಿಸಿದರೆ ಅದು ಹಸಿ ಪಲ್ಯದ ಬುತ್ತಿ, ಬಸ್ಸಿನಲ್ಲೇ ಹಳಸುತ್ತದೆ.

ಬಾಳುವಂಥದ್ದು ಹೇಗಿರುತ್ತದೆ ಎಂಬುದಕ್ಕೆ ನಾನು ಕಂಡ ಒಂದು ಕ್ಲಸ್ಟರ್ ಸಮಾಲೋಚನಾ ಸಭೆ ನೆನಪಾಗುತ್ತದೆ. ಹೊಸದಾಗಿ ಬಂದ ಶಿಕ್ಷಕಿಯೊಬ್ಬರು ಎರಡನೇ ತರಗತಿಯ ಹುಡುಗಿಯ ನೋಟ್‌ಬುಕ್ ತಂದಿದ್ದರು. ದಿನವೂ ಒಂದು ಕಥೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಮಕ್ಕಳಿಗೆ ತೋಚಿದ್ದನ್ನು ಬರೆಯಲು ಬಿಡುವುದು ಅವರ ಕ್ರಮ. ಭಾಷಣ ಮಾಡದೆ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ಹೀಗಿತ್ತು: ‘ಅಜಿ ರೊಟಿ ಸುಟಳು. ಬೆಕು ಬಂತು.’

‘ಇಷ್ಟು ತಪ್ಪು, ಕೆಂಪು ಶಾಯಿ ಒಂದೂ ಇಲ್ಲಲ್ರೀ!’ ಎಂದು ಒಬ್ಬರು. ತಪ್ಪನ್ನು ಹಾಗೇ ಬಿಟ್ಟರೆ ಗಟ್ಟಿಯಾಗುತ್ತದೆ ಎಂದು ಇನ್ನೊಬ್ಬರು. ಚರ್ಚೆ ಎಂದಿನ ದಾರಿ ಹಿಡಿಯುವಷ್ಟರಲ್ಲಿ, ತಿದ್ದಿಸುವ ಕಲೆಗೆ ಹೆಸರಾಗಿದ್ದ ಹಿರಿಯರೊಬ್ಬರು ಕನ್ನಡಕ ಏರಿಸಿ ಪುಸ್ತಕ ಎಳೆದುಕೊಂಡರು. ಸ್ವಲ್ಪ ಹೊತ್ತು ನೋಡಿ ಹೇಳಿದರು: ‘ಅಕ್ಕೋರ, ಈಕಿಗೆ ಕಾಗುಣಿತ ಪೂರಾ ಬರ್ತದ. ರೊ, ಸು, ಬೆ ಎಲ್ಲಾ ಸರಿ ಅವ. ‘ಬಂತು’ ಸೊನ್ನಿನೂ ಸರಿ ಅದ. ಒತ್ತು ಒಂದs ಬಂದಿಲ್ಲ, ಅದೂ ಸಜಾತೀಯ ಒತ್ತು. ‘ಚಂದ್ರ’, ‘ಪುಸ್ತಕ’ ಬರೆಸಿ ನೋಡ್ರಿ, ಅಲ್ಲೂ ಹಿಂಗs ಆಗ್ತದೇನು?’

ಶಿಕ್ಷಕಿಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಹಿರಿಯರಿಗೆ ಅಂಥ ಬರಹ ಓದುವ ಸಂದರ್ಭವೇ ಬಂದಿರಲಿಲ್ಲ, ಯಾಕೆಂದರೆ ಅವರ ಮಕ್ಕಳು ಬೋರ್ಡಿನಲ್ಲಿದ್ದುದನ್ನು ಮಾತ್ರ ಬರೆಯುತ್ತಿದ್ದರು, ತಪ್ಪೇ ಇಲ್ಲದಂತೆ. ಕನ್ನಡದ ಅಕ್ಷರ ಸಮೂಹ ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಹೊತ್ತು ಹಿಡಿಯುತ್ತದೆ ಎಂದು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಅದನ್ನು ತರಬೇತಿಯ ಪರದೆಯ ಮೇಲೆ ತೋರಿಸಿದ್ದರೆ ಆ ಹಿರಿಯರು ಆಕಳಿಸುತ್ತಿದ್ದರೇನೋ. ಇಲ್ಲಿ ಮಾತ್ರ ಇನ್ನೊಂದು ನೋಟ್‌ಬುಕ್ ಇದೆಯೇ ಎಂದು ಕೇಳಿದರು. ಮುಂದಿನ ತಿಂಗಳು ತಮ್ಮದೇ ತರಗತಿಯಿಂದ ಒಂದನ್ನು ತಂದರು. ಅದರಲ್ಲಿ ಕೆಂಪು ಶಾಯಿ ಇತ್ತು, ಅಭ್ಯಾಸ ಬಿಡುವುದು ಕಷ್ಟ. ಆದರೆ ವಾಕ್ಯ ಮಗುವಿನದೇ ಆಗಿತ್ತು.

ಗಾದೆಯ ಎರಡು ತುಂಡುಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಬುತ್ತಿಯನ್ನು ‘ಕಟ್ಟಿ’ ಕೊಡುತ್ತಾರೆ, ಮಾತನ್ನು ‘ಹೇಳಿ’ ಕೊಡುತ್ತಾರೆ. ಎರಡರಲ್ಲೂ ಕೈಯೊಡ್ಡುವವರಿಗೆ ತೆಗೆದುಕೊಳ್ಳುವುದಷ್ಟೇ ಕೆಲಸ. ಆ ಸಭೆಯಲ್ಲಿ ಹಿರಿಯರು ಕೈಯೊಡ್ಡಿರಲಿಲ್ಲ, ಬಡಿಸಿದ್ದರು. ಅವರ ವರ್ಷಗಳ ತಿದ್ದಿಸುವಿಕೆ ಹೊಸ ಕ್ರಮಕ್ಕೆ ಅಡ್ಡಿಯಾಗುವ ಬದಲು ಅದರ ಕಣ್ಣಾಯಿತು. ಹೊಸ ಕ್ರಮ ತರುವವರು ಸಾಮಾನ್ಯವಾಗಿ ಹಳಬರಿಂದ ಕೇಳುವುದು ಒಪ್ಪಿಗೆಯನ್ನು, ಅವರ ಪರಿಣತಿಯನ್ನು ಕೇಳಿದ್ದು ನಾನು ಕಂಡಿರುವುದು ಕಡಿಮೆ. ನಲಿಕಲಿಯ ಮೊದಲ ದಿನಗಳ ಗುಟ್ಟೂ ಬಹುಶಃ ಇದೇ ಇರಬೇಕು: ಕಾರ್ಡು ಬರೆಯಲು ಕೂತವರಿಗೆ ತಮ್ಮ ಮಕ್ಕಳ ಬಗ್ಗೆ ಗೊತ್ತಿದ್ದುದೆಲ್ಲ ಕೆಲಸಕ್ಕೆ ಬಂತು.

ಇದಕ್ಕೆ ಬೇಕಾದ್ದು ಹೊತ್ತು, ಮತ್ತು ಹೊತ್ತೇ ಇಲ್ಲ ಎಂಬುದು ಎಲ್ಲರ ಉತ್ತರ. ತಿಂಗಳ ಸಮಾಲೋಚನಾ ಸಭೆ ಇದ್ದೇ ಇದೆ. ಅದರ ಅರ್ಧ ಭಾಗ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ ಸುತ್ತೋಲೆ ಓದಿ ಹೇಳುವುದರಲ್ಲಿ, ಇನ್ನರ್ಧ ಬಾಕಿ ಮಾಹಿತಿ ಸಂಗ್ರಹಿಸುವುದರಲ್ಲಿ ಮುಗಿಯುತ್ತದೆ. ಸುತ್ತೋಲೆಯ ಅರ್ಧವನ್ನು ಮಕ್ಕಳ ನೋಟ್‌ಬುಕ್ಕುಗಳಿಗೆ ಬಿಟ್ಟುಕೊಟ್ಟರೆ ಇಲಾಖೆಗೇನೂ ನಷ್ಟವಿಲ್ಲ. ಸುತ್ತೋಲೆ ಹಿಂದಿನ ರಾತ್ರಿಯೇ ಎಲ್ಲರ ವಾಟ್ಸಾಪಿಗೆ ಬಂದಿರುತ್ತದೆ.